ಎಡ್ಗರ್ ಸ್ಟ್ರೀಟಿನ ಕೆಸರು

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್ ಗಡಿಗೆ ಆತುಕೊಂಡಂತೆ ಹೆರಿಫರ್ಡ್ ಎಂಬ ಊರಿದೆ. ವೈ ನದಿ, ಕೆಮ್ಮಣ್ಣು, ಸೇಬಿನ ತೋಪುಗಳು, ಆ ಸೇಬಿನಿಂದ ತಯಾರಾಗುವ ಸೈಡರ್, ಕೆಂಚು ಮೈಯ ಬಿಳಿ ಮುಖದ ದನಗಳು. ಹೊರಗಿನವರು ಊರನ್ನು ಗುರುತಿಸುವುದು ಇಷ್ಟರಿಂದಲೇ. ಅಲ್ಲಿನ ಹಳೆಯ ಕೆಥೀಡ್ರಲಿನಲ್ಲಿ ಸುಮಾರು 1300ರಲ್ಲಿ ಕರುವಿನ ತೊಗಲಿನ ಮೇಲೆ ಬರೆದ ಜಗತ್ತಿನ ನಕಾಶೆಯೊಂದಿದೆ. ನಟ್ಟನಡುವೆ ಜೆರುಸಲೇಂ, ಎಡಗಡೆಯ ಕೆಳಮೂಲೆಯಲ್ಲಿ ಮುದುರಿಕೊಂಡ ಬ್ರಿಟನ್, ಅದರೊಳಗೆ ಎಲ್ಲೋ ಹೆರಿಫರ್ಡ್. ನೋಡಬಂದವರೆಲ್ಲ ‘ಇಗೋ ಇಲ್ಲಿದೆ ನಮ್ಮೂರು’ ಎಂದು ಬೆರಳಿಟ್ಟೂ ಇಟ್ಟೂ ನಕಾಶೆಯಲ್ಲಿ ಆ ಜಾಗವೇ ಸವೆದುಹೋಗಿದೆ ಎನ್ನುತ್ತಾರೆ.

1971ರ ಕೊನೆಯವರೆಗೂ ಇಂಗ್ಲಿಷ್ ಫುಟ್‌ಬಾಲಿನಲ್ಲಿ ಈ ಊರಿನ ಸ್ಥಾನ ಹೆಚ್ಚುಕಡಿಮೆ ಅಂಥದ್ದೇ ಆಗಿತ್ತು. ಹೆರಿಫರ್ಡ್ ಯುನೈಟೆಡ್ ಹುಟ್ಟಿದ್ದು 1924ರಲ್ಲಿ. ಬಿಳಿ ಅಂಗಿ, ಕಪ್ಪು ಚಡ್ಡಿ. ಆಡುತ್ತಿದ್ದದ್ದು ಎಡ್ಗರ್ ಸ್ಟ್ರೀಟ್ ಮೈದಾನದಲ್ಲಿ, ದನದ ಮಾರುಕಟ್ಟೆಯ ಮಗ್ಗುಲಲ್ಲಿ. ತಂಡಕ್ಕೆ ‘ಬುಲ್ಸ್’ ಎಂಬ ಅಡ್ಡಹೆಸರು ಬಂದದ್ದೂ ಊರಿನ ಆ ದನಗಳಿಂದಲೇ. ದೊಡ್ಡ ಪಂದ್ಯವಿದ್ದ ದಿನ ನಿಜವಾದ ಹೆರಿಫರ್ಡ್ ಹೋರಿಯೊಂದನ್ನು ಮೈತೊಳೆದು, ಮೂಗುದಾರ ಹಿಡಿದು, ಮೈದಾನದ ಸುತ್ತ ಒಂದು ಸುತ್ತು ನಡೆಸುತ್ತಾರೆ. ನಮ್ಮ ಜಾತ್ರೆಗಳಲ್ಲಿ ಹಳ್ಳಿಕಾರ್ ಹೋರಿಯನ್ನು ಮೆರೆಸಿದ ಹಾಗೆ. ಹೋರಿ ನಿಧಾನಕ್ಕೆ ಹೆಜ್ಜೆಯಿಡುತ್ತದೆ, ಜನ ಕೇಕೆ ಹಾಕುತ್ತಾರೆ, ಅದು ತಲೆ ಕೂಡ ಎತ್ತುವುದಿಲ್ಲ.

ಆಗಿನ ವ್ಯವಸ್ಥೆಯನ್ನು ಒಂದಿಷ್ಟು ವಿವರಿಸದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಫುಟ್‌ಬಾಲ್ ಲೀಗ್ ಎಂಬ ಕೋಟೆಯೊಳಗೆ ನಾಲ್ಕು ಡಿವಿಷನ್, 92 ಕ್ಲಬ್ಬು. ಕೋಟೆಯ ಹೊರಗೆ ಉಳಿದವರೆಲ್ಲ ‘ನಾನ್-ಲೀಗ್’. ಹೊರಗಿನವರು ತಮ್ಮ ತಮ್ಮ ಲೀಗುಗಳಲ್ಲಿ ಆಡಿಕೊಂಡಿರಬೇಕು. ಅಲ್ಲಿ ಮೊದಲಿಗರಾಗಿ ಬಂದರೂ ಬಾಗಿಲು ತಾನಾಗಿ ತೆರೆಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಲೀಗಿನ ಮಹಾಸಭೆ ಕೂಡಿದಾಗ ನಾಲ್ಕನೇ ಡಿವಿಷನ್ನಿನ ಕೊನೆಯ ನಾಲ್ಕು ಕ್ಲಬ್ಬುಗಳು ‘ನಮ್ಮನ್ನು ಉಳಿಸಿಕೊಳ್ಳಿ’ ಎಂದು ಅರ್ಜಿ ಹಾಕುತ್ತಿದ್ದವು, ಹೊರಗಿನ ಕೆಲವು ‘ನಮ್ಮನ್ನು ಸೇರಿಸಿಕೊಳ್ಳಿ’ ಎಂದು. ಒಳಗಿದ್ದವರು ಮತ ಹಾಕುತ್ತಿದ್ದರು. ಒಳಗಿನವರು ಒಳಗಿನವರನ್ನೇ ಉಳಿಸಿಕೊಳ್ಳುವುದು ರೂಢಿ. ಆಡಿ ಗೆದ್ದವನು ನೇರವಾಗಿ ಒಳಗೆ ಹೋಗುವ ನಿಯಮ ಬಂದದ್ದು 1987ರಲ್ಲಿ. ಅದಕ್ಕೆ ಮುಂಚೆ ಹೊರಗಿನ ಕ್ಲಬ್ಬೊಂದು ತನ್ನ ಹೆಸರನ್ನು ದೇಶದ ಕಿವಿಗೆ ಹಾಕಬೇಕಾದರೆ ಇದ್ದ ದಾರಿ ಎಫ್.ಎ. ಕಪ್ ಒಂದೇ. ಅಲ್ಲಿ ಮಾತ್ರ ಚೀಟಿ ಎತ್ತಿದಾಗ ಬಡಗಿಯ ಎದುರು ಅಂತರರಾಷ್ಟ್ರೀಯ ಆಟಗಾರ ಬಂದು ನಿಲ್ಲುವ ಸಾಧ್ಯತೆಯಿತ್ತು.

ಬಡಗಿ ಎಂದದ್ದು ಮಾತಿಗಲ್ಲ. ತಂಡದ ಮಿಡ್‌ಫೀಲ್ಡಿನಲ್ಲಿದ್ದ ರಾನಿ ರಾಡ್‌ಫರ್ಡ್ ಕಸುಬಿನಿಂದ ಬಡಗಿಯೇ. ಯಾರ್ಕ್‌ಷೈರಿನ ಹುಡುಗ, ಎಳವೆಯಲ್ಲಿ ಲೀಡ್ಸ್ ಕ್ಲಬ್ಬಿನ ಅಂಗಳ ಕಂಡು ಬಂದವನು, ಚೆಲ್ಟ್‌ನಂ ಮತ್ತು ನ್ಯೂಪೋರ್ಟ್‌ಗಳಲ್ಲಿ ಆಡಿ 1971ರಲ್ಲಿ ಹೆರಿಫರ್ಡಿಗೆ ಸೇರಿದ್ದ. ಮುಂದಾಳುಗಳಲ್ಲಿ ಡಡ್ಲಿ ಟೈಲರ್ ಎಂಬ ಚುರುಕುಗಾಲಿನವನಿದ್ದ. ಬಿಲ್ಲಿ ಮೆಡೋಸ್ ಮತ್ತು ರಿಕಿ ಜಾರ್ಜ್ ಇಬ್ಬರೂ ಉತ್ತರ ಲಂಡನ್ನಿನ ಬಾರ್ನೆಟ್ ಕ್ಲಬ್ಬಿನಿಂದ ಬಂದವರು. ಗೋಲ್‌ಕೀಪರ್ ಫ್ರೆಡ್ ಪಾಟರ್. ಬಲಗಡೆಯ ಡಿಫೆಂಡರ್ ರೋಜರ್ ಗ್ರಿಫಿತ್ಸ್. ಇವನ ಕಾಲಿನ ಕಥೆ ಮುಂದೆ ಬರುತ್ತದೆ.

ಈ ಸಣ್ಣ ಕ್ಲಬ್ಬಿಗೆ ಮೈಚಳಿ ಬಿಡಿಸಿದವನು ಜಾನ್ ಚಾರ್ಲ್ಸ್. ವೇಲ್ಸ್ ಕಂಡ ಅತಿದೊಡ್ಡ ಆಟಗಾರರಲ್ಲೊಬ್ಬ. ಲೀಡ್ಸ್ ಮತ್ತು ಇಟಲಿಯ ಯುವೆಂಟಸ್‌ಗಳಲ್ಲಿ ಮೆರೆದು, ವಯಸ್ಸಾದ ಮೇಲೆ 1966ರಲ್ಲಿ ಇಲ್ಲಿಗೆ ಬಂದ. ಆಟಗಾರನೂ ಅವನೇ, ಮ್ಯಾನೇಜರನೂ ಅವನೇ. ಯುವೆಂಟಸ್‌ನ ಊರಾದ ಟುರಿನ್ನಿನಲ್ಲಿ ದೇವರಂತೆ ಕಂಡವನು ದನದ ಮಾರುಕಟ್ಟೆಯ ಪಕ್ಕದಲ್ಲಿ ಹೆಡ್ ಮಾಡುವುದನ್ನು ನೋಡಲೆಂದೇ ಜನ ಸೇರುತ್ತಿದ್ದರು. 1971ರಲ್ಲಿ ಅವನು ಹೊರಟಾಗ ಆ ಜೋಡಿ ಕೆಲಸಕ್ಕೆ ಬಂದವನು ಕಾಲಿನ್ ಆಡಿಸನ್. ಆರ್ಸೆನಲ್, ಶೆಫೀಲ್ಡ್ ಯುನೈಟೆಡ್‌ಗಳಲ್ಲಿ ಆಡಿದ್ದರೂ ಹೆಸರಿನ ಭಾರ ಚಾರ್ಲ್ಸ್‌ನಷ್ಟಿರಲಿಲ್ಲ. ಬಂದು ನಾಲ್ಕು ತಿಂಗಳಲ್ಲಿ ಅವನ ಮುಖ ಇಡೀ ದೇಶಕ್ಕೆ ಪರಿಚಯವಾಯಿತು.

ಆ ವರ್ಷದ ಕಪ್ ಪಯಣದಲ್ಲಿ ಒಂದು ವಿಚಿತ್ರವಿದೆ. ಮೊದಲ ಸುತ್ತಿನಿಂದ ನಾಲ್ಕನೇ ಸುತ್ತಿನವರೆಗೆ ಹೆರಿಫರ್ಡ್ ಎದುರಿಸಿದ್ದು ನಾಲ್ಕು ತಂಡ, ಆಡಿದ್ದು 9 ಪಂದ್ಯ. ಒಂದು ಸುತ್ತೂ ಮೊದಲ ಆಟದಲ್ಲಿ ಬಗೆಹರಿಯಲಿಲ್ಲ. ಕಿಂಗ್ಸ್ ಲಿನ್ ವಿರುದ್ಧ 0-0. ಮತ್ತೆ ಆಡಿ 1-0. ಎರಡನೇ ಸುತ್ತಿನಲ್ಲಿ ನಾರ್ಥಾಂಪ್ಟನ್ ಜೊತೆ 0-0, ಆಮೇಲೆ 2-2, ಕೊನೆಗೆ ಯಾರ ಊರೂ ಅಲ್ಲದ ವೆಸ್ಟ್ ಬ್ರಾಮ್‌ವಿಚ್‌ನ ಹಾಥಾರ್ನ್ಸ್ ಮೈದಾನದಲ್ಲಿ ಹೆಚ್ಚುವರಿ ಸಮಯದವರೆಗೂ ಎಳೆದಾಡಿ 2-1. ನಾರ್ಥಾಂಪ್ಟನ್ ಎಂದರೆ ಆರೇ ವರ್ಷದ ಹಿಂದೆ ಮೊದಲ ಡಿವಿಷನ್ನಿನಲ್ಲಿದ್ದ ಕ್ಲಬ್ಬು. ಈಗ ಜಾರುತ್ತ ಜಾರುತ್ತ ನಾಲ್ಕನೆಯದರ ತಳಕ್ಕೆ ಬಂದಿತ್ತು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಬೇಸಿಗೆಯಲ್ಲಿ ಮತ್ತೆ ಬೇಕಾಗುತ್ತದೆ.

ಮೂರನೇ ಸುತ್ತಿನಲ್ಲಿ ಮೊದಲ ಡಿವಿಷನ್ನಿನ ತಂಡಗಳು ಕಣಕ್ಕಿಳಿಯುತ್ತವೆ. ಹೆರಿಫರ್ಡಿನ ಚೀಟಿಗೆ ಎದುರಾದದ್ದು ನ್ಯೂಕಾಸಲ್ ಯುನೈಟೆಡ್, ಅದೂ ಅವರ ಮನೆಯಂಗಳದಲ್ಲಿ. 1969ರಲ್ಲಷ್ಟೇ ಯುರೋಪಿನ ಫೇರ್ಸ್ ಕಪ್ ಗೆದ್ದ ಕ್ಲಬ್ಬು. ನಾಯಕ ಬಾಬಿ ಮಾನ್ಕರ್, ಗೋಲ್‌ಕೀಪರ್ ವಿಲ್ಲಿ ಮೆಕ್‌ಫಾಲ್, ಮುಂದಾಳು ಮಾಲ್ಕಂ ಮೆಕ್‌ಡೊನಾಲ್ಡ್. ಆ ಕಾಲದ ಇಂಗ್ಲೆಂಡಿನಲ್ಲಿ ಗೋಲುಗಾರ ಎಂದರೆ ಮೊದಲು ನಾಲಿಗೆಗೆ ಬರುತ್ತಿದ್ದ ಹೆಸರುಗಳಲ್ಲಿ ಮೆಕ್‌ಡೊನಾಲ್ಡನದೂ ಒಂದು. ಮಳೆಯಿಂದ ಮುಂದಕ್ಕೆ ಹೋದ ಆಟ 1972ರ ಜನವರಿ 24ರ ಸೋಮವಾರ ನಡೆಯಿತು. ಸೇಂಟ್ ಜೇಮ್ಸ್ ಪಾರ್ಕಿನಲ್ಲಿ 39,301 ಜನ. ಕೂತವರು ಸರಿಯಾಗಿ ಕೂರುವ ಮೊದಲೇ, 17ನೇ ಸೆಕೆಂಡಿಗೆ, ಹೆರಿಫರ್ಡಿನ ಬ್ರಯಾನ್ ಓವೆನ್ ಗೋಲು ಹೊಡೆದ. ನ್ಯೂಕಾಸಲ್ ಎರಡು ಗೋಲು ಹೊಡೆದು ಮುಂದಾಯಿತು. ಮೆಕ್‌ಡೊನಾಲ್ಡನದೊಂದು ಪೆನಾಲ್ಟಿ, ಜಾನ್ ಟ್ಯೂಡರನದೊಂದು. ಇನ್ನು ಶಾಸ್ತ್ರಕ್ಕೆ ಸೋತು ಬಸ್ಸು ಹತ್ತುವುದಷ್ಟೇ ಬಾಕಿ ಎನ್ನುವಾಗ ದೂರದಿಂದ ಆಡಿಸನ್ ಒದ್ದ ಚೆಂಡು ಬಲೆ ಸೇರಿತು. 2-2.

ನನ್ನನ್ನು ಕೇಳಿದರೆ ಆ ಋತುವಿನ ಅತಿ ಬೆಲೆಬಾಳುವ ಗೋಲು ಇದೇ. ಇದರ ಚಿತ್ರ ಯಾರ ಗೋಡೆಯ ಮೇಲೂ ಇಲ್ಲ. ಆದರೆ ಇದಿಲ್ಲದಿದ್ದರೆ ಮುಂದಿನ ಯಾವುದೂ ಇಲ್ಲ.

ಆಮೇಲೆ ಮಳೆ ಸುರಿಯಿತು. ಮರುಪಂದ್ಯ ಎಡ್ಗರ್ ಸ್ಟ್ರೀಟಿನಲ್ಲಿ ಎರಡೇ ದಿನದಲ್ಲಿ ಆಗಬೇಕಿತ್ತು; ಮೈದಾನದ ತುಂಬ ನೀರು. ದಿನ ಹಾಕಿದರು, ರೆಫರಿ ಬಂದು ಬೂಟುಗಾಲಿನಲ್ಲಿ ತುಳಿದು ನೋಡಿ ತಲೆಯಾಡಿಸಿದ. ಮತ್ತೊಂದು ದಿನ ಹಾಕಿದರು, ಮತ್ತೆ ಅದೇ. ಇತ್ತ ನ್ಯೂಕಾಸಲ್ ಆಟಗಾರರು ಮುನ್ನೂರು ಮೈಲಿಯಷ್ಟು ದೂರದ ಮನೆಗೆ ಹೋಗಿ ಬರುವುದೋ ಇಲ್ಲೇ ಕಾಯುವುದೋ ತಿಳಿಯದೆ ಆ ಸೀಮೆಯ ಹೋಟೆಲಿನಲ್ಲೇ ಠಿಕಾಣಿ ಹೂಡಿದರು. ಒಂದೆರಡು ದಿನಕ್ಕೆಂದು ತಂದ ಬಟ್ಟೆ ಮುಗಿದು ಒಳ ಉಡುಪುಗಳನ್ನು ಅಂಗಡಿಯಿಂದ ಕೊಳ್ಳಬೇಕಾಯಿತು. ಬೇಸರ, ಇಸ್ಪೀಟು, ಕಿಟಕಿಯಾಚೆ ಮಳೆ. ದೊಡ್ಡ ತಂಡವೊಂದು ಹೀಗೆ ನೆನೆದು ಮೆತ್ತಗಾಗುತ್ತಿದ್ದಾಗ ಹೆರಿಫರ್ಡ್ ಆಟಗಾರರು ತಮ್ಮ ಕೆಲಸಕ್ಕೆ ಹೋಗಿ ಬರುತ್ತಿದ್ದರು.

ಕೊನೆಗೆ ಫೆಬ್ರವರಿ 5, ಶನಿವಾರ. ಉಳಿದ ತಂಡಗಳು ಅಂದು ನಾಲ್ಕನೇ ಸುತ್ತು ಆಡುತ್ತಿದ್ದವು. ಹೆರಿಫರ್ಡಿನಲ್ಲಿ ಮಾತ್ರ ಇನ್ನೂ ಮೂರನೆಯದರ ಮರುಪಂದ್ಯ. ಮೈದಾನ ಒಣಗಿತ್ತೆಂದಲ್ಲ, ಇನ್ನು ಮುಂದಕ್ಕೆ ಹಾಕಲು ದಿನವಿರಲಿಲ್ಲ. ಹುಲ್ಲು ಎಂಬುದು ಅಂಚುಗಳಲ್ಲಿ ಅಷ್ಟಿಷ್ಟು. ನಡುವೆಲ್ಲ ಕಂದು ರೊಚ್ಚು. ಚೆಂಡು ಒಂದು ಕಡೆ ಪುಟಿದರೆ ಇನ್ನೊಂದು ಕಡೆ ಪಚಕ್ಕನೆ ಕೂತುಬಿಡುತ್ತಿತ್ತು. ಟಿಕೆಟ್ಟಿನ ಲೆಕ್ಕಕ್ಕೆ ಸಿಕ್ಕವರು 14,313. ಲೆಕ್ಕಕ್ಕೆ ಸಿಗದವರು ಸುತ್ತಲಿನ ಮರಗಳ ಮೇಲೆ, ಫ್ಲಡ್‌ಲೈಟ್ ಕಂಬಗಳ ಮೇಲೆ. ಗೆರೆಯ ಪಕ್ಕದಲ್ಲೇ ಟೋಪಿಯ ಪಾರ್ಕಾ ಕೋಟು ತೊಟ್ಟ ಹುಡುಗರ ಹಿಂಡು ಕಾಲು ಮಡಚಿ ಕೂತಿತ್ತು.

ಬಿಬಿಸಿಯವರೂ ಒಂದು ಕ್ಯಾಮರಾ ತಂಡವನ್ನು ಕಳಿಸಿದ್ದರು. ಆ ರಾತ್ರಿಯ ‘ಮ್ಯಾಚ್ ಆಫ್ ದಿ ಡೇ’ ಕಾರ್ಯಕ್ರಮದಲ್ಲಿ ದೊಡ್ಡ ಪಂದ್ಯಗಳೆಲ್ಲ ಮುಗಿದ ಮೇಲೆ ಐದು ನಿಮಿಷದ ತುಣುಕೊಂದನ್ನು ಇದಕ್ಕೆ ಮೀಸಲಿಡುವ ಯೋಚನೆ. ಅಂಥ ತುಣುಕಿಗೆ ಕಾಮೆಂಟರಿ ಹೇಳಲು ಹಿರಿಯರು ಬೇಕೆ? ಜಾನ್ ಮಾಟ್ಸನ್ ಎಂಬ 26ರ ಹುಡುಗನನ್ನು ಕಳಿಸಿದರು. ರೇಡಿಯೊದಿಂದ ಟಿವಿಗೆ ಬಂದು ತಿಂಗಳುಗಳಷ್ಟೇ ಆಗಿದ್ದವು, ಕೆಲಸವಿನ್ನೂ ಪರೀಕ್ಷೆಯ ಮೇಲೆ. ಹಿಂದೆ ಬಾರ್ನೆಟ್ಟಿನ ಊರ ಪತ್ರಿಕೆಯಲ್ಲಿ ವರದಿಗಾರನಾಗಿದ್ದವನು, ರಿಕಿ ಜಾರ್ಜ್‌ನ ಗೆಳೆಯ. ಗೆಳೆಯ ಅಂದು ಹನ್ನೊಂದರಲ್ಲಿ ಇರಲಿಲ್ಲ. 12ನೇ ಅಂಗಿ ತೊಟ್ಟು ಬೆಂಚಿನ ಮೇಲಿದ್ದ. ಆಗ ಒಂದು ತಂಡಕ್ಕೆ ಒಬ್ಬನೇ ಬದಲಿ ಆಟಗಾರ.

ಆಟ ಶುರುವಾದ ಮೇಲೆ ಬಹಳ ಹೊತ್ತು ನಡೆದದ್ದು ನ್ಯೂಕಾಸಲ್ ಮುತ್ತಿಗೆ. ಚೆಂಡು ಕ್ರಾಸ್‌ಬಾರಿಗೆ ಬಡಿಯಿತು, ಪಾಟರನ ಕೈಗೆ ಬಡಿಯಿತು, ಯಾವುದೋ ಡಿಫೆಂಡರನ ಮೊಣಕಾಲಿಗೆ ಬಡಿಯಿತು, ಬಲೆಗೆ ಮಾತ್ರ ಬೀಳಲಿಲ್ಲ. ಹೆರಿಫರ್ಡ್ ಬರೀ ತಡೆದುಕೊಂಡು ಕೂತಿರಲಿಲ್ಲ. ಸಿಕ್ಕಾಗಲೆಲ್ಲ ಟೈಲರ್ ಚೆಂಡು ಹಿಡಿದು ಓಡುತ್ತಿದ್ದ, ಮೆಡೋಸ್ ಎದುರಾಳಿ ಡಿಫೆಂಡರುಗಳ ಮೈಗೆ ಮೈ ಹಚ್ಚಿ ಕಿರಿಕಿರಿ ಮಾಡುತ್ತಿದ್ದ. ಇದರ ನಡುವೆ ಗ್ರಿಫಿತ್ಸನ ಕಾಲಿಗೆ ಪೆಟ್ಟಾಯಿತು. ಉಳುಕು ಎಂದುಕೊಂಡು ಅವನು ಆಡುತ್ತಲೇ ಇದ್ದ. ಆಟದ ಬಹುಪಾಲನ್ನು ಅವನು ಆಡಿದ್ದು ಕಾಲಿನ ಮೂಳೆ ಮುರಿದುಕೊಂಡು ಎಂಬುದು ತಿಳಿದದ್ದು ಆಮೇಲೆ. ಇಂಥದ್ದನ್ನು ನಾನು ಹೊಗಳಲಾರೆ. ಆದರೆ ಮುರಿದ ಕಾಲಿನವನು ಆ ಕೆಸರಿನಲ್ಲಿ ಮೊದಲ ಡಿವಿಷನ್ನಿನ ಮುಂದಾಳುಗಳನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಿದ್ದು ಹೇಗೆ ಎಂಬುದು ಇವತ್ತಿಗೂ ತಲೆಗೆ ಹೋಗುವುದಿಲ್ಲ.

82ನೇ ನಿಮಿಷ. ವಿವ್ ಬಸ್ಬಿ ಬಲಗಡೆಯಿಂದ ಎತ್ತಿ ಕಳಿಸಿದ ಚೆಂಡನ್ನು ಮೆಕ್‌ಡೊನಾಲ್ಡ್ ಹೆಡ್ ಮಾಡಿ ಒಳಗೆ ತೂರಿಸಿದ. ಎಂಟು ನಿಮಿಷ ಬಾಕಿ, ನ್ಯೂಕಾಸಲ್ 1-0. ಅಷ್ಟರಲ್ಲಿ ಗ್ರಿಫಿತ್ಸನನ್ನು ಹೊರಗೆ ಕರೆಸಿ ಜಾರ್ಜ್‌ನನ್ನು ಒಳಗೆ ಬಿಟ್ಟಿದ್ದರು. ಅನುಭವಿಗಳಾದ ಪತ್ರಕರ್ತರು ವರದಿಯ ಮೊದಲ ಸಾಲು ಬರೆದುಕೊಂಡಿದ್ದಿರಬೇಕು: ವೀರೋಚಿತ ಹೋರಾಟ, ನಿರೀಕ್ಷಿತ ಫಲಿತಾಂಶ.

ಮೂರು ನಿಮಿಷ ಕಳೆಯಿತು. ಮೈದಾನದ ನಡುವೆ ರಾಡ್‌ಫರ್ಡ್ ಒಂದು ಟ್ಯಾಕಲ್‌ಗೆ ಇಳಿದು ಚೆಂಡನ್ನು ಕಿತ್ತುಕೊಂಡ. ಮುಂದಿದ್ದ ಓವೆನ್‌ಗೆ ತಳ್ಳಿದ. ಓವೆನ್ ಅದನ್ನು ಹಾಗೇ ಮರಳಿಸಿದ. ಮರಳಿ ಬಂದ ಚೆಂಡು ಆ ರೊಚ್ಚಿನಲ್ಲಿ ಎಲ್ಲೋ ತಡವರಿಸಿ, ರಾಡ್‌ಫರ್ಡನ ಬಲಗಾಲಿನ ಮುಂದೆ ಒಂದು ಗೇಣು ಪುಟಿದು ನಿಂತಿತು. ಅವನಿಗೂ ಗೋಲಿಗೂ ನಡುವೆ 30 ಗಜ. ಒಳ್ಳೆಯ ಮೈದಾನವಾಗಿದ್ದರೆ ಚೆಂಡು ನೆಲಕ್ಕಂಟಿ ಬರುತ್ತಿತ್ತು, ಅವನು ಇನ್ನೊಂದು ಪಾಸ್ ಕೊಡುತ್ತಿದ್ದನೋ ಏನೋ. ಕೆಸರು ಅದನ್ನು ಎತ್ತಿಕೊಟ್ಟಿತು, ಬೀಸಿ ಒದ್ದ. ಮೆಕ್‌ಫಾಲ್ ಹಾರಿದ, ಮೈಯೆಲ್ಲ ಚಾಚಿದ. ಚೆಂಡು ಮೇಲಿನ ಮೂಲೆಯಲ್ಲಿ ಬಲೆಯನ್ನು ಉಬ್ಬಿಸಿತು.

ಮುಂದಿನದನ್ನು ಇವತ್ತಿಗೂ ಯಾರು ಬೇಕಾದರೂ ನೋಡಬಹುದು. ರಾಡ್‌ಫರ್ಡ್ ಎರಡೂ ತೋಳೆತ್ತಿ ತಿರುಗಿ ಓಡುತ್ತಾನೆ, ಅಂಗಿಯ ಬಿಳಿ ಬಣ್ಣ ಎಂದೋ ಹೋಗಿದೆ. ಗೆರೆಯ ಪಕ್ಕದಲ್ಲಿದ್ದ ಪಾರ್ಕಾ ಹುಡುಗರು ಕಟ್ಟೆ ಒಡೆದಂತೆ ಒಳಗೆ ನುಗ್ಗುತ್ತಾರೆ. ಕೆಲವರು ರಾಡ್‌ಫರ್ಡನ ಕಡೆಗೆ, ಕೆಲವರು ಎತ್ತ ಓಡುತ್ತಿದ್ದೇವೆಂದು ಗೊತ್ತಿಲ್ಲದೆ ಸುಮ್ಮನೆ ಓಡುತ್ತಾರೆ. ಒಬ್ಬ ಪೊಲೀಸಿನವನು ಅವರ ಹಿಂದೆ ಹೋಗುವಂತೆ ಮಾಡಿ ಕೈಬಿಡುತ್ತಾನೆ. ಮಾಟ್ಸನ್ನನ ದನಿ ಒಂದು ಸ್ಥಾಯಿ ಮೇಲೇರಿ ಒಡೆಯುವಂತಾಗುತ್ತದೆ. ಹುಡುಗರನ್ನು ಹೊರಗಟ್ಟಿ ಆಟ ಮತ್ತೆ ಆರಂಭಿಸಲು ಸಾಕಷ್ಟು ಹೊತ್ತು ಹಿಡಿಯಿತು.

ಜನಮನದಲ್ಲಿ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಮೈದಾನದಲ್ಲಿ ಸ್ಕೋರು ಇನ್ನೂ 1-1. ಹೆಚ್ಚುವರಿ ಸಮಯ ಶುರುವಾಯಿತು. 103ನೇ ನಿಮಿಷದಲ್ಲಿ ಟೈಲರ್ ಕೊಟ್ಟ ಚೆಂಡು ಪೆನಾಲ್ಟಿ ಪೆಟ್ಟಿಗೆಯ ಒಳಗೆ, ಬಲಗಡೆ, ಜಾರ್ಜ್‌ನ ಕಾಲಿಗೆ ಸಿಕ್ಕಿತು. ಅವನು ತಿರುಗಿದ. ಎದುರಿಗೆ ಮಾನ್ಕರ್ ಅಡ್ಡಬಂದ. ಜಾರ್ಜ್ ಜೋರಾಗಿ ಒದೆಯಲಿಲ್ಲ. ನೆಲಕ್ಕಂಟಿಸಿ ಆಚೆ ಮೂಲೆಗೆ ಅಡ್ಡಡ್ಡ ಕಳಿಸಿದ. ಚೆಂಡು ಕಾಲುಗಳ ನಡುವೆ ಜಾಗ ಮಾಡಿಕೊಂಡು, ಮೆಕ್‌ಫಾಲನ ಕೈಗೆಟುಕದೆ, ಕಂಬದ ಒಳಮಗ್ಗುಲಲ್ಲಿ ಸಾಗಿತು. 2-1. ಮತ್ತೆ ಹುಡುಗರು, ಮತ್ತೆ ಪಾರ್ಕಾಗಳು, ಮತ್ತೆ ಪೊಲೀಸರು. ಪಂದ್ಯ ಗೆದ್ದುಕೊಟ್ಟ ಗೋಲು ಇದು. ಆದರೂ ಆ ದಿನವನ್ನು ಜನ ಕರೆಯುವುದು ರಾಡ್‌ಫರ್ಡನ ಹೆಸರಿನಿಂದ. ಜಾರ್ಜ್‌ನಿಗೆ ಇದರ ಬಗ್ಗೆ ಕೊರಗೇನೂ ಇದ್ದಂತಿಲ್ಲ. ಅದೃಷ್ಟ ಅವನ ಮೇಲೆ ಇನ್ನೊಮ್ಮೆ ಕಣ್ಣು ಹಾಯಿಸಿತು. 1998ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದ ‘ಅರ್ಥ್ ಸಮ್ಮಿಟ್’ ಎಂಬ ಕುದುರೆಯಲ್ಲಿ ಅವನಿಗೊಂದು ಪಾಲಿತ್ತು.

1949ರಲ್ಲಿ ಯೋವಿಲ್ ತಂಡ ಸಂಡರ್‌ಲೆಂಡನ್ನು ಸೋಲಿಸಿದ ಮೇಲೆ ನಾನ್-ಲೀಗ್ ಕ್ಲಬ್ಬೊಂದು ಮೊದಲ ಡಿವಿಷನ್ನಿನ ತಂಡವನ್ನು ಮಣಿಸಿದ್ದು ಇದೇ ಮೊದಲು. ಆ ರಾತ್ರಿಯ ಕಾರ್ಯಕ್ರಮದಲ್ಲಿ ಐದು ನಿಮಿಷದ ತುಣುಕು ಮೊದಲ ಸ್ಥಾನಕ್ಕೆ ಬಂತು. ಮಾಟ್ಸನ್ನನ ಕೆಲಸ ಗಟ್ಟಿಯಾಯಿತು. ಮುಂದಿನ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಇಂಗ್ಲಿಷ್ ಫುಟ್‌ಬಾಲಿನ ದನಿಯೇ ಅವನಾದ. ರಾಡ್‌ಫರ್ಡನ ಒದೆತ ಬಿಬಿಸಿಯ ಆ ಋತುವಿನ ಅತ್ಯುತ್ತಮ ಗೋಲು ಎನಿಸಿತು. ನ್ಯೂಕಾಸಲ್‌ನವರ ಪಾಡು ಹೇಳಬೇಕಿಲ್ಲ. ಅವರೇ ಮುಂದಿನ ವಾರ ಓಲ್ಡ್ ಟ್ರ್ಯಾಫರ್ಡಿಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡನ್ನು ಸೋಲಿಸಿ ಬಂದರು. ಯಾರಿಗೂ ಅದು ನೆನಪಿಲ್ಲ.

ಸಂಭ್ರಮಕ್ಕೆ ಸಿಕ್ಕದ್ದು ನಾಲ್ಕೇ ದಿನ. ಫೆಬ್ರವರಿ 9ರ ಬುಧವಾರ ನಾಲ್ಕನೇ ಸುತ್ತಿಗೆ ವೆಸ್ಟ್ ಹ್ಯಾಂ ಎಡ್ಗರ್ ಸ್ಟ್ರೀಟಿಗೆ ಬಂತು. 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಬಾಬಿ ಮೂರ್, ಆ ಫೈನಲ್ಲಿನಲ್ಲಿ ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್ ಇಬ್ಬರೂ ಅದೇ ರೊಚ್ಚಿಗೆ ಇಳಿದರು. ಆಗ ದೇಶ ಬೇರೆಯದೇ ಸಂಕಟದಲ್ಲಿತ್ತು. ಜನವರಿ 9ರಿಂದ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ, ವಿದ್ಯುತ್ ಸ್ಥಾವರಗಳಿಗೆ ಇದ್ದಿಲಿಲ್ಲ. ಪ್ರಧಾನಿ ಹೀತ್ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿದ್ದು ಅದೇ ಫೆಬ್ರವರಿ 9ರಂದು. ಕರೆಂಟಿಲ್ಲದ ಮೇಲೆ ಫ್ಲಡ್‌ಲೈಟ್ ಎಲ್ಲಿಂದ? ಪಂದ್ಯವನ್ನು ಹಗಲಲ್ಲೇ ಇಟ್ಟರು. ವಾರದ ನಡುವೆ, ಮಟಮಟ ಮಧ್ಯಾಹ್ನ. ಊರಿನ ಎಷ್ಟು ಹುಡುಗರಿಗೆ ಅಂದು ಹೊಟ್ಟೆನೋವು ಬಂದಿತ್ತೋ, ಎಷ್ಟು ಕೆಲಸಗಾರರ ಅಜ್ಜಿಯರು ತೀರಿಕೊಂಡಿದ್ದರೋ! ಮೈದಾನವಂತೂ ಕಿಕ್ಕಿರಿದಿತ್ತು. ಮೂರ್, ಹರ್ಸ್ಟ್ ಇದ್ದೂ ಗೋಲು ಬರಲಿಲ್ಲ. 0-0. ಮತ್ತೆ ಮರುಪಂದ್ಯ.

ಫೆಬ್ರವರಿ 14ರ ಸೋಮವಾರ ಲಂಡನ್ನಿನ ಅಪ್ಟನ್ ಪಾರ್ಕಿನಲ್ಲೂ ಆಟ ಹಗಲಿನಲ್ಲೇ. ದುಡಿಯುವ ದಿನದ ಮಧ್ಯಾಹ್ನ 42,271 ಜನ ಸೇರಿದರು. ಹರ್ಸ್ಟ್ ಮೂರು ಗೋಲು ಹೊಡೆದ, ಮೆಡೋಸ್ ಒಂದನ್ನು ತಿರುಗಿ ಕೊಟ್ಟ, 3-1ಕ್ಕೆ ಹೆರಿಫರ್ಡಿನ ಕಪ್ ಮುಗಿಯಿತು. ಬಡಗಿಯ ತಂಡವನ್ನು ಹೊರಗಟ್ಟಲು ವಿಶ್ವಕಪ್ ಫೈನಲ್ಲಿನ ಹ್ಯಾಟ್ರಿಕ್‌ಗಾರ ಇನ್ನೊಂದು ಹ್ಯಾಟ್ರಿಕ್ ಹೊಡೆಯಬೇಕಾಯಿತು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2024-25ರಿಂದ ಎಫ್.ಎ. ಕಪ್ಪಿನ ಮೊದಲ ಸುತ್ತಿನಿಂದಾಚೆ ಮರುಪಂದ್ಯಗಳೇ ಇಲ್ಲ. ದೊಡ್ಡ ಕ್ಲಬ್ಬುಗಳಿಗೆ ಯುರೋಪಿನ ಪಂದ್ಯಗಳು ಹೆಚ್ಚಾಗಿ ಕ್ಯಾಲೆಂಡರಿನಲ್ಲಿ ಜಾಗವಿಲ್ಲವಂತೆ. ಡ್ರಾ ಆದರೆ ಅಂದೇ ಹೆಚ್ಚುವರಿ ಸಮಯ, ಅಂದೇ ಪೆನಾಲ್ಟಿ. ಈ ನಿಯಮ 1972ರಲ್ಲಿ ಇದ್ದಿದ್ದರೆ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ, ಆ ಸೋಮವಾರ ರಾತ್ರಿಯೇ, ಎಲ್ಲ ತೀರ್ಮಾನವಾಗುತ್ತಿತ್ತು. ಎಡ್ಗರ್ ಸ್ಟ್ರೀಟಿಗೆ ನ್ಯೂಕಾಸಲ್ ಬರುತ್ತಲೇ ಇರಲಿಲ್ಲ. ಮೆಕ್‌ಡೊನಾಲ್ಡ್ ಆ ಸೀಮೆಯ ಅಂಗಡಿಯಲ್ಲಿ ಬನಿಯನ್ ಕೊಳ್ಳುವ ಪ್ರಮೇಯವೇ ಇರಲಿಲ್ಲ. ಸಣ್ಣ ಕ್ಲಬ್ಬಿಗೆ ಮರುಪಂದ್ಯ ಎಂದರೆ ಒಂದು ವರ್ಷದ ಸಂಬಳದ ಹಣ, ಛಾವಣಿ ರಿಪೇರಿಯ ಹಣ. ದೊಡ್ಡವರ ದಣಿವಿನ ಲೆಕ್ಕದಲ್ಲಿ ಅದನ್ನು ತೆಗೆದುಹಾಕಿದ್ದು ನನಗಂತೂ ಹಿಡಿಸಿಲ್ಲ.

ಕಪ್ ಮುಗಿದ ಮೇಲೆ ಹೆರಿಫರ್ಡ್ ತನ್ನ ಸದರ್ನ್ ಲೀಗಿಗೆ ಮರಳಿತು. ಮಳೆ ಮತ್ತು ಮರುಪಂದ್ಯಗಳಿಂದ ಬಾಕಿ ಉಳಿದ ಪಂದ್ಯಗಳ ರಾಶಿ ಕಾದಿತ್ತು. ಅವನ್ನೆಲ್ಲ ಆಡಿ ಮುಗಿಸುವ ಹೊತ್ತಿಗೆ ಅಲ್ಲಿ ಮೊದಲ ಸ್ಥಾನ ಚೆಲ್ಮ್ಸ್‌ಫರ್ಡ್ ಪಾಲಾಗಿ, ಹೆರಿಫರ್ಡಿಗೆ ಎರಡನೆಯದು ಉಳಿಯಿತು. ಲೆಕ್ಕ ಹಾಕಿದರೆ, ಆ ಋತುವಿನಲ್ಲಿ ಈ ಕ್ಲಬ್ಬು ಗೆದ್ದ ಟ್ರೋಫಿ ಯಾವುದೂ ಇಲ್ಲ.

ಗೆಲ್ಲಬೇಕಾದದ್ದು ಇದ್ದದ್ದು ಬೇಸಿಗೆಯ ಮಹಾಸಭೆಯಲ್ಲಿ. ನಾಲ್ಕನೇ ಡಿವಿಷನ್ನಿನ ತಳದಲ್ಲಿ ಕೆಳಗಿನಿಂದ ಎಣಿಸಿದರೆ ಕ್ರೂ, ಸ್ಟಾಕ್‌ಪೋರ್ಟ್, ಬ್ಯಾರೋ, ನಾರ್ಥಾಂಪ್ಟನ್. ಹೊರಗಿನ ಅರ್ಜಿದಾರರಲ್ಲಿ ಹೆರಿಫರ್ಡ್ ಮುಖ್ಯವಾದದ್ದು. ಅದು ಹಿಂದೆಯೂ ಅರ್ಜಿ ಹಾಕಿ ಬರಿಗೈಲಿ ಬಂದಿತ್ತು. ಈ ಸಲ ಮತ ಹಾಕುವವರೆಲ್ಲ ಆ ಗೋಲನ್ನು ಟಿವಿಯಲ್ಲಿ ನೋಡಿದ್ದರು. ಮತ ಎಣಿಸಿದಾಗ ನಾರ್ಥಾಂಪ್ಟನ್‌ಗೆ 49. ಡಿಸೆಂಬರಿನಲ್ಲಿ ಇದೇ ಹೆರಿಫರ್ಡಿಗೆ ಸೋತ ನಾರ್ಥಾಂಪ್ಟನ್‌ಗೆ! ಕ್ರೂಗೆ 46, ಸ್ಟಾಕ್‌ಪೋರ್ಟ್‌ಗೆ 46. ಬ್ಯಾರೋಗೆ 26, ಹೆರಿಫರ್ಡಿಗೆ 26. ಇಡೀ ಋತು ಡ್ರಾ ಮಾಡಿಕೊಂಡು ಬಂದ ಕ್ಲಬ್ಬಿಗೆ ಮತಪೆಟ್ಟಿಗೆಯಲ್ಲೂ ಡ್ರಾ. ಇಲ್ಲಿಯೂ ಎರಡನೇ ಸಲ ಆಡಬೇಕಾಯಿತು. ಎರಡನೇ ಮತದಾನದಲ್ಲಿ ಹೆರಿಫರ್ಡ್ 29, ಬ್ಯಾರೋ 20.

ಬ್ಯಾರೋ ಎಂದರೆ ವಾಯವ್ಯ ಇಂಗ್ಲೆಂಡಿನ ಕೊನೆಯಲ್ಲಿ, ಸಮುದ್ರಕ್ಕೆ ಚಾಚಿದ ನೆಲದ ತುದಿಯಲ್ಲಿರುವ ಹಡಗು ಕಟ್ಟುವ ಊರು. 1921ರಿಂದ ಲೀಗಿನಲ್ಲಿತ್ತು. ಪಟ್ಟಿಯಲ್ಲಿ 22ನೇ ಸ್ಥಾನ. ಅದಕ್ಕಿಂತ ಕೆಳಗಿದ್ದ ಇಬ್ಬರು ಉಳಿದುಕೊಂಡರು, ಬ್ಯಾರೋ ಹೊರಬಿತ್ತು. ಊರು ದೂರ, ಹೋಗಿಬರುವುದು ಕಷ್ಟ ಎಂಬ ಗೊಣಗಾಟ ಮೊದಲಿನಿಂದಲೂ ಇತ್ತು. ಮೈದಾನದ ಸುತ್ತ ಮೋಟಾರ್‌ಸೈಕಲ್ ಓಟದ ಟ್ರ್ಯಾಕ್ ಹಾಕಿಸಿಕೊಂಡದ್ದೂ ಕೆಲವರ ಕಣ್ಣಿಗೆ ಚುಚ್ಚಿತ್ತು. ಆದರೆ ಬ್ಯಾರೋದ ಜನ ಇಂದಿಗೂ ಹೇಳುವ ಕಾರಣ ಒಂದೇ: ರಾಡ್‌ಫರ್ಡ್. ಎಡ್ಗರ್ ಸ್ಟ್ರೀಟಿನ ಆ ಒದೆತ ಮೆಕ್‌ಫಾಲನನ್ನು ದಾಟಿ ಹೋಗಿ ಬಿದ್ದದ್ದು ತಮ್ಮ ಮೇಲೆ ಎಂದು ಅವರು ಅಂದುಕೊಂಡರೆ ತಪ್ಪೆನ್ನಲಾಗದು.

ಒಳಗೆ ಹೋದ ಹೆರಿಫರ್ಡ್ ಮೊದಲ ವರ್ಷವೇ ಎರಡನೇ ಸ್ಥಾನ ಪಡೆದು ಮೇಲಿನ ಡಿವಿಷನ್ನಿಗೆ ಏರಿತು. 1976ರಲ್ಲಿ ಮೂರನೇ ಡಿವಿಷನ್ ಗೆದ್ದು ಎರಡನೆಯದಕ್ಕೂ ಕಾಲಿಟ್ಟಿತು. ಅಲ್ಲಿ ಉಳಿದದ್ದು ಒಂದೇ ವರ್ಷ. ಕಪ್ ವೀರರು ಅಷ್ಟರಲ್ಲಿ ಚದುರಿದ್ದರು. ಟೈಲರ್ ಆ ಬೇಸಿಗೆಯಲ್ಲೇ 25,000 ಪೌಂಡಿಗೆ ವೆಸ್ಟ್ ಹ್ಯಾಂ ಸೇರಿದ್ದ. 1997ರ ಮೇ ತಿಂಗಳಲ್ಲಿ, ಋತುವಿನ ಕೊನೆಯ ದಿನ, ಎಡ್ಗರ್ ಸ್ಟ್ರೀಟಿನಲ್ಲಿ ಬ್ರೈಟನ್ ವಿರುದ್ಧ ಗೆಲ್ಲಲೇಬೇಕಿದ್ದ ಪಂದ್ಯ 1-1 ಆಯಿತು. ಈಗ ನಿಯಮ ಬದಲಾಗಿತ್ತು. ಮತ ಕೇಳುವಂತಿಲ್ಲ, ತಳ ಸೇರಿದವನು ನೇರವಾಗಿ ಹೊರಗೆ. ಆ ಸಲ ಡ್ರಾ ಅವರನ್ನು ಕಾಯಲಿಲ್ಲ. 2006ರಲ್ಲಿ ಮರಳಿ ಬಂದು, 2012ರಲ್ಲಿ ಮತ್ತೆ ಹೊರಬಿದ್ದು, ಸಾಲದಲ್ಲಿ ಮುಳುಗಿ, 2014ರ ಡಿಸೆಂಬರಿನಲ್ಲಿ ಹೆರಿಫರ್ಡ್ ಯುನೈಟೆಡ್ ನ್ಯಾಯಾಲಯದ ಆದೇಶದಿಂದ ಮುಚ್ಚಿಹೋಯಿತು. ಅಭಿಮಾನಿಗಳು ಅದರ ಬೆನ್ನಿಗೇ ಹೆರಿಫರ್ಡ್ ಎಫ್.ಸಿ. ಎಂಬ ಹೊಸ ಕ್ಲಬ್ಬು ಕಟ್ಟಿದರು. ಅದೇ ಮೈದಾನ, ಅದೇ ಬಿಳಿ ಅಂಗಿ, ಹೋರಿಯೂ ಉಂಟು. ಕೆಳಗಿನಿಂದ ಹತ್ತಲು ಶುರುಮಾಡಿದ ತಂಡ ಮೊದಲ ಮೂರೂ ವರ್ಷ ಬಡ್ತಿ ಪಡೆಯಿತು. ಪಕ್ಕದ ದನದ ಮಾರುಕಟ್ಟೆ ಅಷ್ಟರಲ್ಲಿ ಊರಾಚೆಗೆ ಹೋಗಿ, ಆ ಜಾಗದಲ್ಲಿ ಅಂಗಡಿ ಮಳಿಗೆಗಳು ಎದ್ದಿದ್ದವು.

ಬ್ಯಾರೋ ಕಾದದ್ದು 48 ವರ್ಷ. 2019-20ರ ಋತುವಿನಲ್ಲಿ ಅದು ನ್ಯಾಷನಲ್ ಲೀಗಿನ ಮೊದಲ ಸ್ಥಾನದಲ್ಲಿದ್ದಾಗ ಕೊರೊನಾ ಬಂದು ಮೈದಾನಗಳಿಗೆಲ್ಲ ಬೀಗ ಬಿತ್ತು. ಋತುವನ್ನು ಅಲ್ಲಿಗೇ ನಿಲ್ಲಿಸಬೇಕೆಂದು ಕ್ಲಬ್ಬುಗಳು ಮತ ಹಾಕಿದವು. ಆಡಿದ ಪಂದ್ಯಗಳ ಸರಾಸರಿ ಅಂಕ ಲೆಕ್ಕ ಹಾಕಿ ಬ್ಯಾರೋವನ್ನು ವಿಜೇತ ಎಂದು ಘೋಷಿಸಲಾಯಿತು. ಮತದಿಂದ ಹೊರಬಿದ್ದ ಊರು, ಉಳಿದ ಪಂದ್ಯಗಳನ್ನು ಆಡದೆಯೇ ಒಳಗೆ ಮರಳಿತು. ಅದೇ ಹೊತ್ತಿಗೆ ಹೆರಿಫರ್ಡ್ ಕೋಟೆಯ ಹೊರಗೆ, ಇನ್ನೂ ಒಂದು ಮೆಟ್ಟಿಲು ಕೆಳಗೆ, ನ್ಯಾಷನಲ್ ಲೀಗ್ ನಾರ್ತ್‌ನಲ್ಲಿ ಆಡುತ್ತಿತ್ತು.